ಧೂಳಕ್ಕನ ಮನೆಯ ಲಾರಿ

ಬೀದಿದೀಪಗಳು ಇನ್ನೂ ಆರಿಲ್ಲ. ಮಾರುಕಟ್ಟೆ ಕಟ್ಟಡದ ನೆಲಮಾಳಿಗೆಯ ಗೇಮಿಂಗ್ ಸೆಂಟರಿನ ಷಟರನ್ನು ಅರ್ಧ ಎತ್ತಿ, ಸೊಂಟ ಹಿಡಿದುಕೊಂಡು ಧೂಳಕ್ಕ ಒಳಗೆ ನುಸುಳುತ್ತಾರೆ. ನಿನ್ನೆಯ ಬೆವರು, ಕಾದ ಪ್ಲಾಸ್ಟಿಕ್ಕು, ಚೆಲ್ಲಿದ ಸೋಡಾ ಎಲ್ಲ ಸೇರಿದ ವಾಸನೆ ಅಲ್ಲೇ ನಿಂತಿದೆ. ಮೂಗಿಗೆ ಬಟ್ಟೆ ಕಟ್ಟಿಕೊಂಡು ಮೊದಲ ಕಂಪ್ಯೂಟರಿನ ಮುಚ್ಚಳ ಬಿಚ್ಚುತ್ತಾರೆ. ಒಳಗಿನ ಫ್ಯಾನಿಗೆ ಬೆರಳು ಅಡ್ಡ ಕೊಟ್ಟು ಬ್ಲೋವರ್ ಹಿಡಿಯುತ್ತಾರೆ. ಬೂದಿಯಂಥ ಧೂಳು ಮುಖಕ್ಕೇ ಹಾರುತ್ತದೆ.

"ಬೆರಳು ಇಡ್ದೆ ಗಾಳಿ ಬಿಟ್ರೆ ಫ್ಯಾನು ಹುಚ್ಚು ಹಿಡ್ದಂಗೆ ತಿರುಗಿ ಹಾಳಾಗುತ್ತೆ. ಅದಕ್ಕೂ ಒಂದು ಮಿತಿ ಇರುತ್ತಲ್ವಾ" ಎನ್ನುತ್ತಾರೆ.

ಇಲ್ಲಿ ಆಡಲು ಬರುವ ಹುಡುಗರು ಇವರಿಗೆ ಇಟ್ಟಿರುವ ಹೆಸರು ಧೂಳಕ್ಕ. ಅವರಲ್ಲಿ ಹೆಚ್ಚಿನವರು ಧೂಳಕ್ಕನ ಮುಖ ನೋಡಿಲ್ಲ. ಅವರು ಬರುವ ಹೊತ್ತಿಗೆ ಇವರ ಕೆಲಸ ಮುಗಿದಿರುತ್ತದೆ. ದಿನಕ್ಕೆ ಐದಾರು ಯಂತ್ರಗಳನ್ನು ಬಿಚ್ಚಿ ಕಟ್ಟಬೇಕು, ಎಲ್ಲ ಕೀಬೋರ್ಡುಗಳನ್ನೂ ತಲೆಕೆಳಗು ಮಾಡಿ ಕೊಡವಬೇಕು, ಕುರ್ಚಿಗಳ ಸಡಿಲ ಬೋಲ್ಟು ಬಿಗಿಮಾಡಬೇಕು. ಕಸ ಗುಡಿಸಲೆಂದು ಸೇರಿದವರು ಇವರು. ರಿಪೇರಿಯವನು ಒಂದು ದಿನ ಹೇಳದೆ ಕೇಳದೆ ಬಿಟ್ಟು ಹೋದ. "ಮಾಲೀಕರು ಒಂದು ಸ್ಕ್ರೂಡ್ರೈವರ್ ಕೊಟ್ಟು ನೋಡಿ ಅಕ್ಕ ಅಂದ್ರು. ನೋಡ್ದೆ. ಅವತ್ತಿಂದ ನೋಡ್ತಾನೇ ಇದೀನಿ." ಹೇಳುತ್ತಾ ಮಂಡಿಯೂರುತ್ತಾರೆ. ಮಂಡಿ ಲಟಕ್ಕೆನ್ನುತ್ತದೆ.

ಮನೆಯಲ್ಲೂ ಒಂದು ಕಂಪ್ಯೂಟರ್ ಕಾದಿರುತ್ತದೆ. ಒಂದು ಕಾಲಕ್ಕೆ ಈ ಸೆಂಟರಿನ ಹೆಮ್ಮೆ ಅದು. ಚಿತ್ರ ಮೂಡಿಸುವ ಗ್ರಾಫಿಕ್ಸ್ ಕಾರ್ಡು ಬೇರೆಯವಕ್ಕೆ ಒಂದಿದ್ದರೆ ಅದಕ್ಕೆ ಜೋಡೆತ್ತಿನ ಹಾಗೆ ಎರಡು. ಹುಡುಗರು ಅದರ ಮುಂದೆ ಸಾಲು ನಿಲ್ಲುತ್ತಿದ್ದರು. ಹಳೆಯದಾಗಿ ಮೂಲೆ ಸೇರಿದಾಗ ಮಾಲೀಕರು ಧೂಳಕ್ಕನಿಗೆ ಕೊಟ್ಟರು. ಅವರು ಅದನ್ನು ಗಂಡನಿಗೆ ಕೊಟ್ಟರು.

ಗಂಡ ಲಾರಿ ಚಾಲಕ. ಜೀವಮಾನದ ಮುಕ್ಕಾಲು ಭಾಗ ಕ್ಯಾಬಿನ್ನಿನಲ್ಲೇ ಕಳೆದವರು. ಗೋದಾಮಿನ ಅಂಗಳದಲ್ಲಿ ಸರಕು ಇಳಿಸುವಾಗ ಒಂದು ದಿನ ಮೂರ್ಛೆ ಬಂದು ಸ್ಟೇರಿಂಗಿನ ಮೇಲೇ ಕುಸಿದರು. ಲಾರಿ ನಿಂತಿತ್ತು, ಜೀವ ಉಳಿಯಿತು, ಲೈಸೆನ್ಸ್ ಉಳಿಯಲಿಲ್ಲ. ಈಗ ಊಟದ ಮೇಜಿಗೆ ಬಿಗಿದ ಪ್ಲಾಸ್ಟಿಕ್ ಸ್ಟೇರಿಂಗ್ ಹಿಡಿದು ಲಾರಿ ಓಡಿಸುವ ಆಟ ಆಡುತ್ತಾರೆ. ಪರದೆ ನೋಡಲು ಡಾಕ್ಟರ ಅಡ್ಡಿಯಿಲ್ಲ. ಆದರೆ ನಡೆಯಬೇಕು, ನಾಲ್ಕು ಜನರ ಜೊತೆ ಬೆರೆಯಬೇಕು ಎಂದಿದ್ದಾರೆ. ಅದು ಮಾತ್ರ ಆಗುತ್ತಿರಲಿಲ್ಲ.

ಕೆಲವು ತಿಂಗಳ ಹಿಂದೆ ಪರದೆಯ ಮೇಲೆ ಗೆರೆಗಳು ಏಳತೊಡಗಿದವು. ತಿರುವಿನ ನಡುವೆಯೇ ರಸ್ತೆ ಹೆಪ್ಪುಗಟ್ಟಿ ನಿಲ್ಲುತ್ತಿತ್ತು. "ಇಂಜಿನ್ ಮಿಸ್ ಹೊಡೀತಿದೆ ಕಣೇ" ಎಂದರು ಗಂಡ. ಅದೇ ಹೊತ್ತಿಗೆ ಸೆಂಟರಿನಲ್ಲಿ ಯಂತ್ರಗಳನ್ನು ಬದಲಿಸುತ್ತಿದ್ದರು. ಕಳಚಿದ್ದರಲ್ಲಿ ಒಂದು ಒಳ್ಳೆಯ ಕಾರ್ಡನ್ನು ಮಾಲೀಕರು ಇವರ ಕೈಗಿಟ್ಟರು.

ಕಾರ್ಡು ಮನೆಗೆ ಬಂತು, ಪೆಟ್ಟಿಗೆಯಲ್ಲೇ ಕೂತಿತು. ಅದಕ್ಕೆ ಬೇಕಾದಷ್ಟು ಕರೆಂಟು ಕೊಡುವ ತಾಕತ್ತು ಹಳೇ ಯಂತ್ರಕ್ಕಿಲ್ಲ. ಹಾಕಬೇಕೆಂದರೆ ಒಳಗಿನದೆಲ್ಲ ಒಂದೊಂದಾಗಿ ಬದಲಾಗಬೇಕು. "ಮೂಗಿಗಿಂತ ಮೂಗುತಿ ಭಾರ ಆಗೋದು" ಎನ್ನುತ್ತಾರೆ. ಸೆಂಟರಿನಲ್ಲಿ ಬಿಚ್ಚಿ ಎಸೆದಿದ್ದನ್ನೆಲ್ಲ ಆಯ್ದು ತಂದು ಜೋಡಿಸಬಹುದಿತ್ತು. ಆದರೆ ಕೈ ತಡೆದದ್ದು ಇನ್ನೊಂದು ಯೋಚನೆ. ಗೆರೆ ಬಿದ್ದ ಪರದೆ ಬಿಟ್ಟೇ ಮನುಷ್ಯ ಏಳುತ್ತಿಲ್ಲ. ರಸ್ತೆ ಕನ್ನಡಿಯಂತಾದರೆ ಏಳುವುದುಂಟೇ?

ಒಂದು ಭಾನುವಾರ ಮಧ್ಯಾಹ್ನ, ತಟ್ಟೆ ತೊಳೆಯುತ್ತಾ ಬೆನ್ನು ತಿರುಗಿಸಿಕೊಂಡೇ ಕೇಳಿಬಿಟ್ಟರು.

"ಏನ್ರೀ, ಆ ಕಾರ್ಡು ಹಾಕ್ಲಾ ಬೇಡ್ವಾ?"

"ನಿಂಗೆ ಯಾಕೆ ತೊಂದ್ರೆ. ಇದ್ದಷ್ಟು ದಿನ ಓಡ್ಲಿ."

"ತೊಂದ್ರೆ ಅಂತಲ್ಲ. ಹಾಕಿದ್ರೆ ನೀವು ಆ ಕುರ್ಚಿಗೇ ಬೇರು ಬಿಡ್ತೀರಿ ಅಂತ ಭಯ ನಂಗೆ."

ಗಂಡ ಸ್ಟೇರಿಂಗ್ ಬಿಡಲಿಲ್ಲ. "ಎದ್ದು ಎಲ್ಲಿಗೆ ಹೋಗ್ಲಿ ಹೇಳು. ನಂಗಾಗಿ ಯಾರು ಕಾಯ್ತಿದಾರೆ?"

ನಲ್ಲಿ ಸುರಿಯುತ್ತಲೇ ಇತ್ತು. ಧೂಳಕ್ಕನಿಗೆ ಅಳು ಬರಲಿಲ್ಲ, ಅಳುವಷ್ಟು ಕಸುವು ಇರಲಿಲ್ಲ ಎಂದು ಈಗ ಹೇಳುತ್ತಾರೆ. ಕೈ ಒರೆಸಿಕೊಂಡು ಬಂದು ಯಂತ್ರ ಆರಿಸಿದರು. ಮುಚ್ಚಳ ಬಿಚ್ಚಿ, ಜೋಡಿ ಕಾರ್ಡುಗಳಲ್ಲಿ ಕೆಟ್ಟದ್ದನ್ನು ಕಿತ್ತು ಪಕ್ಕಕ್ಕಿಟ್ಟರು. ಉಳಿದದ್ದನ್ನು ಉಜ್ಜಿ, ಶಾಖ ದಾಟಿಸುವ ಅಂಟನ್ನು ಹೊಸದಾಗಿ ಹಚ್ಚಿ, ಮತ್ತೆ ಕೂರಿಸಿದರು. ಆಟದ ಸೆಟ್ಟಿಂಗಿನಲ್ಲಿ ಮರಗಳ ನೆರಳು ತೆಗೆದರು, ಮಳೆ ತೆಗೆದರು, ದೂರದ ಬೆಟ್ಟಗಳನ್ನು ಮಸುಕು ಮಾಡಿದರು. ಲಾರಿ ಮುಗ್ಗರಿಸದೆ ಓಡಿತು.

"ಮಳೆ ಇಲ್ವಲ್ಲೇ" ಎಂದರು ಗಂಡ.

"ಒಂದು ಕಾರ್ಡಿಗೆ ಇಷ್ಟೇ ಆಗೋದು. ವೈಪರ್ ಹಾಕೋ ಕೆಲಸ ತಪ್ತು ಅನ್ಕೊಳ್ಳಿ." ಮುಚ್ಚಳ ಬಿಗಿಯುತ್ತಾ ಸೇರಿಸಿದರು: "ಯಾರು ಕಾಯ್ತಿದಾರೆ ಅಂದ್ರಲ್ಲ. ಬೆಳಗಿನ ಜಾವ ಆ ನೆಲಮಾಳಿಗೆಗೆ ಒಬ್ಳೇ ಇಳಿಯೋಕೆ ನಂಗೆ ಬೇಜಾರು. ನಾಳೆಯಿಂದ ಜೊತೆಗೆ ಬನ್ನಿ."

ಮರುದಿನ ಅವರು ಬರಲಿಲ್ಲ. ಅದರ ಮರುದಿನವೂ ಇಲ್ಲ. ಧೂಳಕ್ಕ ಮತ್ತೆ ಕೇಳಲಿಲ್ಲ, ಪೆಟ್ಟಿಗೆಯಲ್ಲಿದ್ದ ಆ ಕಾರ್ಡನ್ನು ಮಾಲೀಕರಿಗೆ ಹಿಂದಿರುಗಿಸಿ ಬಂದರು. ಆ ವಾರದ ಕೊನೆಗೆ ಇವರು ಚಪ್ಪಲಿ ಮೆಟ್ಟುವ ಹೊತ್ತಿಗೆ ಗಂಡ ಅಂಗಿ ತೊಟ್ಟು ಬಾಗಿಲಲ್ಲಿ ನಿಂತಿದ್ದರು.

ಈಗ ಮಾನಿಟರುಗಳನ್ನು ಒರೆಸುವುದು ಅವರ ಪಾಲು. ಏಣಿ ಹತ್ತಲು ಧೂಳಕ್ಕ ಬಿಡುವುದಿಲ್ಲ. ಮಾತ್ರೆ ತಪ್ಪಿಸಿದರೆ ಕರೆತರುವುದೂ ಇಲ್ಲ. "ಇಷ್ಟು ವರ್ಷ ಡ್ರೈವರ್ ಆಗಿದ್ದೆ. ಇವ್ಳು ಬಡ್ತಿ ಕೊಟ್ಟು ಕ್ಲೀನರ್ ಮಾಡಿದಾಳೆ" ಎಂದು ಅವರು ಸಾಲಿನ ಆ ತುದಿಯಿಂದ ಹೇಳುತ್ತಾರೆ. ಧೂಳಕ್ಕ ತಲೆ ಎತ್ತುವುದಿಲ್ಲ, ಮುಖಕ್ಕೆ ಕಟ್ಟಿದ ಬಟ್ಟೆಯೊಳಗೆ ನಗುತ್ತಾರೆ.

ಮಧ್ಯಾಹ್ನ ಮನೆಯಲ್ಲಿ ಊಟವಾದ ಮೇಲೆ ಗಂಡ ಸ್ಟೇರಿಂಗ್ ಮುಂದೆ ಕೂರುತ್ತಾರೆ. ಧೂಳಕ್ಕ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕಾಲು ಚಾಚುತ್ತಾರೆ. ಮದುವೆಯಾದ ಹೊಸದರಲ್ಲಿ ಲಾರಿಯಲ್ಲಿ ಹೀಗೇ ಕೂತು ಹೋಗಿದ್ದುಂಟಂತೆ. ಆ ಹಳೇ ಯಂತ್ರ ಇನ್ನೆಷ್ಟು ದಿನ ಬಂದೀತೆಂದು ಕೇಳಿದರೆ ಧೂಳಕ್ಕ ಕೈ ಬೀಸುತ್ತಾರೆ.

"ಯಾರಿಗ್ಗೊತ್ತು. ಕೆಟ್ಟಾಗ ನೋಡ್ಕೊಳ್ಳೋಣ. ನಂಗೆ ಹೊಸ ಕಾರ್ಡೂ ಬೇಡ, ಏನೂ ಬೇಡ. ಇವ್ರು ಊರು ಮುಟ್ಟಿಸೋವರೆಗೂ ಯಾರೂ ಎಬ್ಬಿಸ್ದೆ ಒಂದು ನಿದ್ದೆ ತೆಗೀಬೇಕು, ಅಷ್ಟೇ."