ಅಪ್ಪನ ನಾಳಕ್ಕೆ ನಾನೆಳೆದ ಗೆರೆ

ಅಪ್ಪನಿಗೆ ಎದೆನೋವು ಅಂತ ಯಾವತ್ತೂ ಇರಲಿಲ್ಲ. ಇದ್ದದ್ದು ಗ್ಯಾಸು. ಡೊಂಬಿವಲಿ ಸ್ಟೇಷನ್ನಿನ ಪೂರ್ವಕ್ಕೆ ಒಂದು ಉಡುಪಿ ಹೋಟೆಲಿನಲ್ಲಿ ದೋಸೆ ಕಾವಲಿಯ ಮುಂದೆ ಮೂವತ್ತು ವರ್ಷ ನಿಂತ ಮನುಷ್ಯ ಅವರು. ಎದೆ ಹಿಂಡಿದರೆ ಗ್ಯಾಸು, ಎಡಭುಜ ನೊಂದರೆ ಹಿಟ್ಟಿನ ಪಾತ್ರೆ ಎತ್ತಿದ್ದು, ಬೆವರಿದರೆ ಕಾವಲಿಯ ಬಿಸಿ. ಓಮದ ನೀರು ಕುಡಿದು ಒಂದು ತೇಗು ಬಂದರೆ ಸಾಕು, "ನೋಡು, ಹೋಯ್ತು" ಅನ್ನುತ್ತಿದ್ದರು. ಅಮ್ಮ ನಂಬುತ್ತಿದ್ದಳು. ಅಥವಾ ನಂಬಿದ ಹಾಗೆ ಇರುತ್ತಿದ್ದಳು.

ನಾನು ಸುಮ್ಮನಿರುವವಳಲ್ಲ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ. ಅದರ ಮೇಲೆ ನನ್ನ ಸಂಬಳದ ಕೆಲಸವೇ ದಿನವಿಡೀ ಪರರ ಹೃದಯದ ಚಿತ್ರ ನೋಡುವುದು. ರೇಡಿಯಾಗ್ರಫಿ ಡಿಪ್ಲೊಮಾ ಮುಗಿಸಿ ಕಲ್ಯಾಣದ ಒಂದು ಸ್ಕ್ಯಾನ್ ಸೆಂಟರಿನಲ್ಲಿ ನಾಲ್ಕು ವರ್ಷ ದುಡಿದು, ಆಮೇಲೆ ಬೇಲಾಪುರದ ಒಂದು ಸಣ್ಣ ಕಂಪನಿ ಸೇರಿದ್ದೆ. ಎರಡು ಸಾವಿರದ ಹತ್ತರ ದಶಕದ ನಡುವಿನ ವರ್ಷಗಳು. ಬೆಳಿಗ್ಗೆ ಡೊಂಬಿವಲಿಯಿಂದ ಠಾಣೆಗೆ ಲೋಕಲ್ ಗಾಡಿಯಲ್ಲಿ ನೇತಾಡಿಕೊಂಡು ಹೋಗಿ, ಅಲ್ಲಿ ಪನ್ವೇಲ್ ಗಾಡಿ ಹಿಡಿದು ಬೇಲಾಪುರದಲ್ಲಿ ಇಳಿದರೆ ಆಫೀಸು ಐದು ನಿಮಿಷದ ದಾರಿ.

ಅಲ್ಲಿ ನಾವು ಮಾಡುತ್ತಿದ್ದದ್ದನ್ನು ಅಪ್ಪನಿಗೆ ಒಮ್ಮೆ ನಮ್ಮ ಬಿಲ್ಡಿಂಗಿನ ನೀರಿನ ಲೆಕ್ಕದಲ್ಲಿ ವಿವರಿಸಿದ್ದೆ. ಕೆಳಗಿನ ಮನೆಯವರಿಗೆ ನಲ್ಲಿ ಭರ್ರೆಂದು ಬರುತ್ತದೆ, ನಾಲ್ಕನೆಯ ಮಾಳಿಗೆಯ ನಮಗೆ ಕಿರುಬೆರಳಿನಷ್ಟು. ನಡುವೆ ಪೈಪು ಎಲ್ಲೋ ಕಟ್ಟಿದೆ. ಕಟ್ಟಿದ್ದು ಕಣ್ಣಿಗೆ ಕಂಡರೆ ಸಾಲದು, ಅದರಿಂದ ಆಚೆ ನೀರು ಎಷ್ಟು ತಲುಪುತ್ತದೆ ಅನ್ನುವುದು ಮುಖ್ಯ. ಹೃದಯದ ನಾಳದಲ್ಲೂ ಹಾಗೆಯೇ. ಅದನ್ನು ಅಳೆಯಲು ಡಾಕ್ಟರು ಕೈಯ ರಕ್ತನಾಳದಿಂದ ತಂತಿ ತೂರಿಸಿ ಹೃದಯದವರೆಗೆ ಹೋಗಬೇಕು. ನಮ್ಮ ಕಂಪನಿಯವರು ತಂತಿ ಇಲ್ಲದೆ, ಬರೀ ಸಿಟಿ ಸ್ಕ್ಯಾನಿನ ಚಿತ್ರದಿಂದ ಅದನ್ನು ಅಂದಾಜು ಮಾಡಲು ಕಂಪ್ಯೂಟರಿಗೆ ಕಲಿಸುತ್ತಿದ್ದರು. ಕೊನೆಗೆ ಒಂದು ಅಂಕಿ ಬರುತ್ತಿತ್ತು. ಒಂದು ಅಂದರೆ ಪೂರ್ತಿ ಹರಿವು. ಸೊನ್ನೆ ಪಾಯಿಂಟ್ ಎಂಟಕ್ಕಿಂತ ಕೆಳಗಿಳಿದರೆ ಹೃದಯಕ್ಕೆ ರಕ್ತ ಸಾಲುತ್ತಿಲ್ಲ ಅಂತ.

ಕಂಪ್ಯೂಟರು ಮೊದಲು ನಾಳದ ಅಂಚಿಗೆ ಗೆರೆ ಎಳೆಯುತ್ತದೆ. ನಾಳದಲ್ಲಿ ಕ್ಯಾಲ್ಸಿಯಂ ಕೂತಿದ್ದರೆ ಅದು ಚಿತ್ರದಲ್ಲಿ ಬೆಳ್ಳಗೆ ಹೊಳೆದು, ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ, ಗೆರೆ ಅಲ್ಲಿ ತಪ್ಪುತ್ತದೆ. ಅಂಥ ಕಡೆ ಮೌಸ್ ಹಿಡಿದು ಗೆರೆ ಸರಿಪಡಿಸುವುದು ನಮ್ಮಂಥವರ ಕೆಲಸ. ನಾವು ಎಂಟು ಜನ. ಕ್ಯಾಲ್ಸಿಯಂ ಕೇಸುಗಳೆಲ್ಲ ನನ್ನ ಟೇಬಲ್ಲಿಗೇ ಬರುತ್ತಿದ್ದವು, ಮತ್ತು ಆ ಹೆಮ್ಮೆ ನನಗೆ ಇತ್ತು. ಸುಳ್ಳು ಯಾಕೆ ಹೇಳಲಿ, ಸ್ವಲ್ಪ ಜಾಸ್ತಿಯೇ ಇತ್ತು.

ಒಂದು ಮಧ್ಯಾಹ್ನ ಅಪ್ಪ ಹೋಟೆಲಿನಲ್ಲಿ ಸಟ್ಟುಗ ಕೈಬಿಟ್ಟು ಗೋಡೆಗೆ ಒರಗಿದರಂತೆ. ನಾನು ಜಗಳ ತೆಗೆದೆ. "ನಾಳೆ ನನ್ನ ಜೊತೆ ಠಾಣೆಗೆ ಬರದಿದ್ದರೆ ನಾನು ರಜೆ ಹಾಕಿ ನಿಮ್ಮ ಹೋಟೆಲಿಗೆ ಬಂದು ಕೌಂಟರಿನ ಎದುರೇ ಕೂರ್ತೇನೆ" ಅಂದೆ. ಮರ್ಯಾದೆಗೆ ಅಂಜಿ ಬಂದರು. ಠಾಣೆಯ ಹೃದಯದ ಡಾಕ್ಟರು ಸ್ಕ್ಯಾನ್ ಮಾಡಿಸಿ, ಚಿತ್ರ ನೋಡಿ, ಮುಖ್ಯ ನಾಳದಲ್ಲಿ ಅಡಚಣೆ ಇದೆ, ತಂತಿ ಹಾಕಿ ನೋಡಲೇಬೇಕು ಅಂದರು. ಆ ಆಸ್ಪತ್ರೆಯ ಚಿತ್ರಗಳು ಸಂಶೋಧನೆಗಾಗಿ, ಹೆಸರು ಅಳಿಸಿ, ನಮ್ಮ ಕಂಪನಿಗೂ ಬರುತ್ತಿದ್ದವು. ಅಪ್ಪನದಕ್ಕೂ ಒಪ್ಪಿಗೆಯ ಸಹಿ ಹಾಕಿಸಿಕೊಂಡರು. "ಇದು ಬರೀ ರಿಸರ್ಚ್‌ಗೆ, ಅದರ ಅಂಕಿ ನೋಡಿ ನಾವು ಏನೂ ತೀರ್ಮಾನಿಸುವುದಿಲ್ಲ" ಎಂದು ಡಾಕ್ಟರು ಮರಾಠಿಯಲ್ಲಿ ಎರಡೆರಡು ಸಲ ಹೇಳಿದರು.

ವಾಪಸು ಬರುವಾಗ ಗಾಡಿಯಲ್ಲಿ ಅಪ್ಪನಿಗೆ ಕಿಟಕಿಯ ಸೀಟು ಸಿಕ್ಕಿತ್ತು. ದಿವಾ ಸ್ಟೇಷನ್ ದಾಟಿದ ಮೇಲೆ ಬಾಯಿ ಬಿಟ್ಟರು.

"ತಂತಿ ಗಿಂತಿ ನನಗೆ ಬೇಡ ಮಗಾ. ತಂತಿ ಅಂತಾರೆ, ಒಳಗೆ ಹೋದ ಮೇಲೆ ಸ್ಪ್ರಿಂಗ್ ಕೂರಿಸ್ಬೇಕು ಅಂತಾರೆ, ಮತ್ತೆ ಎದೆ ಕೊಯ್ಬೇಕು ಅಂತಾರೆ. ನನಗೆ ಇವರ ಮೇಲೆ ನಂಬಿಕೆ ಇಲ್ಲ."

"ಮತ್ತೆ ಯಾರ ಮೇಲೆ ಉಂಟು?"

"ನಿನ್ನ ಮೆಷಿನು ಉಂಟಲ್ಲ. ಅದು ಬೇಕು ಅಂದ್ರೆ ಹೋಗ್ತೇನೆ. ಬೇಡ ಅಂದ್ರೆ ಇಲ್ಲ. ಇದು ನನ್ನ ಮಾತು."

ನಾನು ಬೈಯಬೇಕಿತ್ತು. ಅದು ಇನ್ನೂ ಕಲಿಯುತ್ತಿರುವ ಮೆಷಿನು ಅಂತ ಹೇಳಬೇಕಿತ್ತು. ಆದರೆ ನನಗೆ ಒಳಗೊಳಗೇ ಖುಷಿಯಾಯಿತು. ಮಗಳ ಕೆಲಸ ಎಂತದ್ದು ಅಂತ ಯಾರಾದರೂ ಕೇಳಿದರೆ "ಕಂಪ್ಯೂಟರಿನಲ್ಲಿ ಎಂತದೋ" ಎಂದು ತೇಲಿಸುತ್ತಿದ್ದ ಮನುಷ್ಯ ಈಗ ಜೀವವನ್ನೇ ನನ್ನ ಮೆಷಿನಿಗೆ ಒಪ್ಪಿಸಿದ್ದರು. ಸುಮ್ಮನೆ ತಲೆಯಾಡಿಸಿದೆ.

ಒಂಬತ್ತನೆಯ ದಿನ ಆ ಚಿತ್ರ ನನ್ನ ಪರದೆಯ ಮೇಲೆ ಬಂತು. ಹೆಸರಿರಲಿಲ್ಲ, ನಂಬರು ಮಾತ್ರ. ಆದರೆ ಎಡಗಡೆಯ ಒಂದು ಪಕ್ಕೆಲುಬು ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ನಾನು ಶಾಲೆಗೆ ಹೋಗುವ ಕಾಲಕ್ಕೆ ಅಪ್ಪ ಹೋಟೆಲಿನ ಎಣ್ಣೆ ಬಿದ್ದ ಮೆಟ್ಟಿಲಲ್ಲಿ ಜಾರಿ ಮುರಿದುಕೊಂಡ ಎಲುಬು ಅದು. ವಯಸ್ಸು, ಸ್ಕ್ಯಾನಿನ ದಿನ, ಎಲ್ಲ ತಾಳೆಯಾಗುತ್ತಿತ್ತು.

ಗುರುತಿನವರ ಚಿತ್ರ ಬಂದರೆ ತಕ್ಷಣ ಎದ್ದು ಹೇಳಿ ಬೇರೆಯವರಿಗೆ ಕೊಡಬೇಕು ಅನ್ನುವುದು ನಮ್ಮಲ್ಲಿ ನಿಯಮ. ನಾನು ಏಳಲಿಲ್ಲ. ಪಕ್ಕದ ಟೇಬಲ್ಲಿನವರು ಹಾಡು ಕೇಳುತ್ತಾ ಗೆರೆ ಎಳೆಯುವವರು. ಅವರ ಕೈಗೆ ನನ್ನ ಅಪ್ಪನ ಹೃದಯ ಯಾಕೆ ಕೊಡಲಿ ಅಂದುಕೊಂಡೆ.

ಮುಖ್ಯ ನಾಳದ ನಡುವೆ ಸುಣ್ಣ ಮೆತ್ತಿದ ಹಾಗೆ ಕ್ಯಾಲ್ಸಿಯಂ. ಎಂದಿನಂತೆ ಗೆರೆ ಸರಿಪಡಿಸಿ ಲೆಕ್ಕಕ್ಕೆ ಕೊಟ್ಟೆ. ಸೊನ್ನೆ ಪಾಯಿಂಟ್ ಏಳು ಆರು ಬಂತು.

ಹಿಂದೆಲ್ಲ ಈ ಲೆಕ್ಕಕ್ಕೆ ಕಂಪ್ಯೂಟರು ಗಂಟೆಗಟ್ಟಲೆ ತೆಗೆದುಕೊಳ್ಳುತ್ತಿತ್ತಂತೆ. ಈಗ ಹಳೆಯ ಸಾವಿರಾರು ಲೆಕ್ಕ ನೋಡಿ ಕಲಿತುಕೊಂಡಿದ್ದರಿಂದ ಕಣ್ಣು ಮಿಟುಕಿಸುವಷ್ಟರಲ್ಲಿ ಅಂಕಿ ಕೊಡುತ್ತಿತ್ತು. ಹಳೆಯ ಕಾಲವಾಗಿದ್ದರೆ ನಾನು ಅಷ್ಟಕ್ಕೇ ಬಿಟ್ಟು ಊಟಕ್ಕೆ ಹೋಗುತ್ತಿದ್ದೆ. ಈಗ ಹಾಗಲ್ಲ, ಚೌಕಾಸಿಗೆ ಅವಕಾಶವಿತ್ತು. ಕ್ಯಾಲ್ಸಿಯಂ ದೊಡ್ಡದಾಗಿ ಕಾಣುತ್ತದೆ, ಗೆರೆ ಸ್ವಲ್ಪ ಹೊರಗೆ ಎಳೆಯುವುದು ನಿಯಮದಲ್ಲೇ ಇದೆ ಅಂದುಕೊಂಡು, ನಾಳ ಅಗಲವಾಗುವಂತೆ ಕೂದಲೆಳೆಯಷ್ಟು ಎಳೆದೆ. ಏಳು ಒಂಬತ್ತು. ಇನ್ನೂ ಒಂದು ಕೂದಲೆಳೆ. ಎಂಟು ಎರಡು. ಅಲ್ಲಿಗೆ ನಿಲ್ಲಿಸಿ ಬಟನ್ ಒತ್ತಿದೆ. ಇದನ್ನು ಈಗ ನೆನೆದರೆ ಮೈ ಉರಿಯುತ್ತದೆ.

ಆ ಅಂಕಿ ರೋಗಿಗೆ ಹೇಳುವಂಥದ್ದಲ್ಲ. ನಾನು ಮನೆಗೆ ಹೋಗಿ ಚಪ್ಪಲಿ ಬಿಡುವ ಮೊದಲೇ ಹೇಳಿದೆ. ಅಪ್ಪ ಕಣ್ಣು ಮುಚ್ಚಿ ಎರಡು ಸಲ "ದೇವರು ದೊಡ್ಡವನು" ಅಂದರು. ಮರುದಿನ ಹೋಟೆಲಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ "ಮಗಳ ಮೆಷಿನು ಪಾಸ್ ಮಾಡಿತು" ಎಂದು ಡಂಗುರ ಸಾರಿದರು. ಡಾಕ್ಟರ ಆಸ್ಪತ್ರೆಯಿಂದ ಎರಡು ಸಲ ಫೋನು ಬಂದರೂ ತೆಗೆಯಲಿಲ್ಲ.

ಆಮೇಲಿನ ದಿನಗಳಲ್ಲಿ ನನಗೆ ನೆಮ್ಮದಿ ಎನ್ನುವುದು ಇರಲಿಲ್ಲ. ಒಂದು ಭಾನುವಾರ ಇಬ್ಬರೂ ಡೊಂಬಿವಲಿ ಸ್ಟೇಷನ್ನಿನ ಸೇತುವೆ ಹತ್ತುತ್ತಿದ್ದೆವು. ನಡುಮೆಟ್ಟಿಲಲ್ಲಿ ಅಪ್ಪ ನಿಂತು, ಕಂಬಿ ಹಿಡಿದು, ಗಾಡಿಗಳ ಹೊತ್ತು ತೋರಿಸುವ ಇಂಡಿಕೇಟರು ನೋಡಿದರು. ನಾವು ಗಾಡಿ ಹಿಡಿಯುವವರೇ ಆಗಿರಲಿಲ್ಲ, ಮೀನು ಮಾರ್ಕೆಟ್ಟಿನ ಆಚೆ ಅಂಗಡಿಗೆ ಹೊರಟವರು. "ಎಂತ ನೋಡ್ತೀರಿ?" ಎಂದು ರೇಗಿದೆ. "ಕಸಾರ ಗಾಡಿ ಲೇಟುಂಟು" ಅಂದರು. ಅವರ ಮೇಲಿನ ತುಟಿಯಲ್ಲಿ ಬೆವರು ಕೂತಿತ್ತು. ದಾರಿಯುದ್ದಕ್ಕೂ ನಾನು ಅವರ ಮೇಲೆ ಕಾರಣವಿಲ್ಲದೆ ಸಿಡುಕುತ್ತಾ ಹೋದೆ.

ನಮ್ಮ ಗೆರೆಗಳನ್ನು ಪರೀಕ್ಷಿಸುವ ಹಿರಿಯರೊಬ್ಬರಿದ್ದರು, ಧಾರವಾಡದ ಕಡೆಯವರು. ಸುಮಾರು ಮೂರು ವಾರದ ನಂತರ ನನ್ನ ಟೇಬಲ್ಲಿನ ಹತ್ತಿರ ಬಂದು ನಿಂತರು.

"ಈ ಕೇಸಿನ್ಯಾಗ ಮೂರು ಸಲ ಗೆರಿ ಸರಿಸೀರಿ. ಯಾಕ್ರೀ?"

"ಕ್ಯಾಲ್ಸಿಯಂ ಜಾಸ್ತಿ ಇತ್ತು ಸರ್."

"ಹೌದ ಬಿಡ್ರಿ. ಅಂಥಲ್ಲೇ ಮಿಶಿನ್ ಎಡವತೈತಿ. ನಿಮ್ಮ ಕೈ ನೋಡಿ ಕಲೀಲಿ ಅಂತ ಇದನ್ನ ಮುಂದಿನ ಟ್ರೇನಿಂಗಿಗೆ ಹಾಕೀನಿ."

ಹೊಗಳಿಕೆಯೇ ಅದು. ಆದರೆ ಅದರ ಅರ್ಥ ನನಗೆ ತಕ್ಷಣ ಹೊಳೆಯಿತು. ಒಬ್ಬಳು ಮಗಳು ಹೆದರಿಕೊಂಡು ಅಗಲ ಮಾಡಿದ ಗೆರೆಯನ್ನು ನೋಡಿ ಮೆಷಿನು ಇನ್ನು ಮುಂದೆ ಇಂಥ ನಾಳವನ್ನೆಲ್ಲ ಅಗಲ ಅಂದುಕೊಳ್ಳುತ್ತದೆ. ಕಂಡವರ ಮನೆಯ ಅಪ್ಪಂದಿರೂ ಪಾಸಾಗುತ್ತಾರೆ. ಆ ಹಿರಿಯರ ಹಿಂದೆಯೇ ಹೋಗಿ, ಚಹಾ ಮೆಷಿನಿನ ಪಕ್ಕ ನಿಂತು ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. "ಮೊದಲ ಅದನ್ನ ಟ್ರೇನಿಂಗಿನ್ಯಾಗಿಂದ ತಗಸೋಣ" ಅಂದರು. ಚಿತ್ರವನ್ನು ಬೇರೆ ಇಬ್ಬರಿಗೆ, ಯಾರದೆಂದು ಹೇಳದೆ, ಬೇರೆಬೇರೆಯಾಗಿ ಕೊಟ್ಟರು. ಒಬ್ಬರಿಗೆ ಏಳು ನಾಲ್ಕು, ಇನ್ನೊಬ್ಬರಿಗೆ ಏಳು ಐದು. ಹಾಡು ಕೇಳುತ್ತಾ ಗೆರೆ ಎಳೆಯುವ ಪಕ್ಕದ ಟೇಬಲ್ಲಿನವರದ್ದೇ ಆ ಏಳು ನಾಲ್ಕು.

"ಆಫೀಸಿನ ಮಾತು ಆಮ್ಯಾಲ ನೋಡೋಣ. ನೀವು ಈಗ ಮನಿಗೆ ಹೋಗ್ರಿ" ಅಂದರು ಆ ಹಿರಿಯರು. ಆಮೇಲೆ ನನ್ನನ್ನು ಗೆರೆ ಕೆಲಸದಿಂದ ತೆಗೆದು ಕಾಗದಪತ್ರಕ್ಕೆ ಹಾಕಿದರು. ಗೆರೆ ಎಳೆಯುವವರ ಪರದೆಗೆ ಅಂಕಿ ಕಾಣದ ಹಾಗೆಯೂ ಮಾಡಿದರು. ಎರಡೂ ನ್ಯಾಯವೇ.

ಮಧ್ಯಾಹ್ನ ನಾಲ್ಕರ ಹೊತ್ತಿಗೆ ಹೋಟೆಲು ಮುಟ್ಟಿದೆ. ಊಟದ ಗಲಾಟೆ ಮುಗಿದು, ಸಂಜೆಯದು ಶುರುವಾಗದ ಹೊತ್ತು. ಅಪ್ಪ ಹಿಂದಿನ ಬಾಗಿಲ ಹತ್ತಿರ ಎಣ್ಣೆ ಡಬ್ಬದ ಮೇಲೆ ಕೂತು ಕೈ ಒರೆಸಿಕೊಳ್ಳುತ್ತಿದ್ದರು. ನಾನು ನಿಂತುಕೊಂಡೇ ಹೇಳಿದೆ. ಮೆಷಿನು ಪಾಸ್ ಮಾಡಿರಲಿಲ್ಲ, ನಾನು ಮಾಡಿದ್ದು. ಗೆರೆ ನಾನು ಎಳೆದದ್ದು. ಬೇರೆ ಇಬ್ಬರು ಎಳೆದರೆ ಏಳು ನಾಲ್ಕು, ಏಳು ಐದು, ಅಂದರೆ ಫೇಲು. ನಾಳೆಯೇ ಠಾಣೆಗೆ ಹೋಗಬೇಕು.

ಅವರು ಬಹಳ ಹೊತ್ತು ಕೈ ಒರೆಸಿದರು.

"ಯಾಕೆ ಹಾಗೆ ಮಾಡಿದ್ದು?"

"ಹೆದರಿಕೆ ಆಯ್ತು."

"ನನಗೂ ಅದೇ" ಅಂದರು. ಮತ್ತೆ ಎದ್ದು ಹಿಟ್ಟಿನ ಪಾತ್ರೆಯ ಮುಚ್ಚಳ ತೆಗೆದರು. "ಏಳು ನಾಲ್ಕು ಯಾರೋ ಊರವರದ್ದು. ಎಂಟು ಎರಡು ನನ್ನ ಮಗಳದ್ದು. ನಾನು ಮಗಳದ್ದನ್ನೇ ಇಟ್ಕೊಳ್ತೇನೆ."

ಅತ್ತೆ, ಕಿರುಚಿದೆ, ಕಾಲು ಹಿಡಿದೆ. ಕೌಂಟರಿನವರು ಒಳಗೆ ಬಂದು ನೋಡಿ ಹೋದರು. ಅಮ್ಮನಿಗೆ ಹೇಳುತ್ತೇನೆ ಅಂದದ್ದಕ್ಕೆ ಮಾತ್ರ ಅಪ್ಪ ತಿರುಗಿ ನೋಡಿದರು. "ಅವಳಿಗೆ ಹೇಳಿದ್ರೆ ನಾನು ಈ ಜನ್ಮದಲ್ಲಿ ಡಾಕ್ಟರ ಮುಖ ನೋಡುದಿಲ್ಲ. ಹೇಳದಿದ್ರೆ ದೀಪಾವಳಿ ಕಳೀಲಿ, ನೋಡುವ" ಅಂದರು. ಆ "ನೋಡುವ" ಎನ್ನುವುದಕ್ಕೆ ನಾನು ಜೋತುಬಿದ್ದೆ. ಈಗಲೂ ಕೇಳಿಕೊಳ್ಳುತ್ತೇನೆ, ಯಾಕೆ ಕಾದೆ? ಎತ್ತಿಕೊಂಡಾದರೂ ಹೋಗಬೇಕಿತ್ತು.

ದೀಪಾವಳಿಗೆ ಹನ್ನೊಂದು ದಿನ ಇರುವಾಗ, ಬೆಳಗಿನ ಮೊದಲ ಗಿರಾಕಿಗಳ ಹೊತ್ತಿಗೆ, ಅಪ್ಪ ಕಾವಲಿಯ ಮುಂದೆ ಕುಸಿದರು. ಜೀವ ಉಳಿಯಿತು. ಹೃದಯದ ಅರ್ಧ ಸ್ನಾಯು ಸತ್ತಿದೆ, ಅದು ಇನ್ನು ಬರುವುದಿಲ್ಲ ಅಂದರು ಅದೇ ಡಾಕ್ಟರು. ಮೂವತ್ತು ವರ್ಷ ನಿಂತ ಮನುಷ್ಯ ಈಗ ಮಂಚದಿಂದ ಬಚ್ಚಲಿಗೆ ಹೋಗಲು ಎರಡು ಕಡೆ ಕೂರುತ್ತಾರೆ.

ನೋಡಲು ಜನ ಬರುತ್ತಾರೆ. ಹೋಟೆಲಿನವರು, ನೆರೂಳದ ಚಿಕ್ಕಪ್ಪ, ಬಿಲ್ಡಿಂಗಿನವರು. ಎಲ್ಲರೂ ಒಂದೇ ಮಾತು ಕೇಳುತ್ತಾರೆ, "ಮಗಳ ಮೆಷಿನು ಪಾಸ್ ಮಾಡಿತ್ತಲ್ಲ?" ಅಪ್ಪ ದಿಂಬಿಗೆ ಒರಗಿ, ಉಸಿರು ಕೂಡಿಸಿಕೊಂಡು ಹೇಳುತ್ತಾರೆ, "ಮೆಷಿನು ತಪ್ಪು ಹೇಳಿತು. ಅದಕ್ಕೆ ಎಂತ ಗೊತ್ತು? ಇವಳು ಪಾಪ ಹೋಟೆಲಿಗೇ ಬಂದು ಕಾಲು ಹಿಡಿದಿದ್ದಳು, ನಾನೇ ಕೇಳ್ಲಿಲ್ಲ."

"ಆ ಮೆಷಿನಿಗೆ ಬೆಂಕಿ ಬೀಳ್ಲಿ" ಅನ್ನುತ್ತಾಳೆ ಅಮ್ಮ, ಪ್ರತಿ ಸಲವೂ. ಬಂದವರು ಹೌದು ಹೌದು ಅನ್ನುತ್ತಾರೆ. ನಾನು ಅಡಿಗೆಮನೆಯಲ್ಲಿ ಚಹಾ ಸೋಸುತ್ತಾ ಕೇಳಿಸಿಕೊಳ್ಳುತ್ತೇನೆ, ಲೋಟಗಳನ್ನು ತಟ್ಟೆಯಲ್ಲಿಟ್ಟು ಹೊರಗೆ ತಂದು ಒಬ್ಬೊಬ್ಬರಿಗೇ ಕೊಡುತ್ತೇನೆ. ಅಲ್ಲ ಅಂತ ಒಂದು ಸಲವೂ ಹೇಳಿಲ್ಲ.