ಗಾದಿಲಿಂಗಪ್ಪನ ಎಮ್ಮೆಯ ಗುಡಿ

ಕುರುಗೋಡಿನಲ್ಲಿ ಕಲ್ಲೆಸೆದರೆ ಹಳೆಯ ಗುಡಿಗೆ ಬೀಳುತ್ತದೆ. ಎಸೆದ ಕಲ್ಲೂ ಯಾವುದೋ ಗುಡಿಯದ್ದೇ ಆಗಿರುತ್ತದೆ. ಅಂಥ ಊರಿನಲ್ಲಿ ಗಾದಿಲಿಂಗಪ್ಪನ ಎಮ್ಮೆಗೂ ಸ್ವಂತದ್ದೊಂದು ಗುಡಿ ಇತ್ತು. ಶಿಖರ ಉದುರಿ, ಲಿಂಗ ಕಾಣೆಯಾಗಿ, ಬಾವಲಿಗಳೂ ಬೇಸತ್ತು ಬಿಟ್ಟುಹೋದ ಗುಡಿ. ಅವನ ಅಜ್ಜನ ಕಾಲದಿಂದ ಅದು ಅವರ ಕೊಟ್ಟಿಗೆ. ಬಳ್ಳಾರಿ ಸೀಮೆಯ ಬಿಸಿಲಿಗೆ ಕೋಳಿಗಳು ಬೆಂದ ಮೊಟ್ಟೆಯನ್ನೇ ಇಡುತ್ತವೆ. ಆ ಕಲ್ಲಿನ ತಂಪು ತಪ್ಪಿದರೆ, ಸಿರುಗುಪ್ಪದ ಸಂತೆಯಿಂದ ತಂದ ಅವನ ಎಮ್ಮೆ ಹಾಲು ಬತ್ತಿಸುತ್ತಿತ್ತು. ಸಂಸಾರ ನಡೆಯುತ್ತಿದ್ದುದೇ ಅದರ ತುಪ್ಪದಿಂದ. ಮನೆಯೊಳಗೆ ಕಟ್ಟೋಣವೆಂದರೆ, ಹೆಂಡತಿ ಚನ್ನವೀರಮ್ಮ ಒಳಗೆ ಸೀರೆ ಉಟ್ಟರೆ ಸೆರಗು ಬೀದಿಯಲ್ಲಿರುವಂಥ ಮನೆ.

ದೇಶಕ್ಕೆ ಸ್ವಾತಂತ್ರ್ಯ ಬಂದ ಮೇಲೆ ಹಳೆಯ ಕಲ್ಲುಗಳಿಗೂ ಮರ್ಯಾದೆ ಬಂತು. ಬಳ್ಳಾರಿ ಆಗಿನ್ನೂ ಮದ್ರಾಸ್ ಸರ್ಕಾರಕ್ಕೆ ಸೇರಿತ್ತು. ಪಾಳುಗುಡಿಗಳನ್ನು ನೋಡಲು ಮದ್ರಾಸಿನಿಂದ ಸಾಹೇಬರೊಬ್ಬರು ಬರುತ್ತಾರೆಂಬ ಸುದ್ದಿ ಬಸ್ಸಿನಿಂದಿಳಿಯಿತು.

“ಪೂಜಿ ನಡಿಯೋ ಗುಡಿ ಮುಟ್ಟಂಗಿಲ್ಲಂತ. ಪಾಳು ಬಿದ್ದದ್ದಕ್ಕ ತಂತಿಬೇಲಿ ಹಾಕ್ತಾರಂತ,” ಎಂದ ನೆರೆಮನೆಯ ಎರ್ರೆಪ್ಪ.

“ನನ್ನ ಎಮ್ಮಿ ಎಲ್ಲಿ ಕಟ್ಲಲೇ?”

“ಒಳಗೇ ಇರ್ಲಿ ಬಿಡು. ನೋಡಾಕ ಬಂದ ಮಂದಿ ಅದನ್ನೂ ಯಾವುದೋ ರಾಜ ಕೆತ್ತಿಸಿದ್ದು ಅಂದ್ಕೊಂತಾರ.”

ಸಾಹೇಬರು ಬರುವ ದಿನ ಗಾದಿಲಿಂಗಪ್ಪ ಸೆಗಣಿ ಬಾಚಿ, ಎಮ್ಮೆಯನ್ನು ಕೆರೆಗೆ ಅಟ್ಟಿ, ಹೆಂಡತಿಯ ರುಬ್ಬುಗುಂಡನ್ನು ಖಾಲಿ ಪೀಠದ ಮೇಲೆ ನಿಲ್ಲಿಸಿ ವಿಭೂತಿ ಎಳೆದ.

“ಚಟ್ನಿ ಎದ್ರಾಗ ಅರೀಲ್ರಿ?” ಎಂದಳು ಚನ್ನವೀರಮ್ಮ.

“ಇವತ್ತೊಂದಿನ ಪುಡಿ ಹಚ್ಕೊಂಡು ತಿನ್ನೂಣು. ಸಾಹೇಬ ಹೋಗ್ಲಿ, ಸಂಜಿಗಿ ನಿನ್ನ ಗುಂಡು ನಿನಗ.”

ಸಾಹೇಬರು ಬಂದರು. ಬೂಟು ಕಳಚಿ ಒಳಹೊಕ್ಕು ದೇವರ ಬೆಳ್ಳುಳ್ಳಿ ವಾಸನೆಗೆ ಮೂಗರಳಿಸಿದರು.

“ಏ ದೇವುಡಯ್ಯಾ ಇದಿ?” ಎಂದು ತೆಲುಗಿನಲ್ಲಿ ದೇವರ ಹೆಸರು ಕೇಳಿದರು.

“ಗುಂಡೇಶ್ವರುಡು ಸಾರ್.”

ಸಾಹೇಬರು ಭಕ್ತಿಯಿಂದ ಕೈಮುಗಿದು, “ಚಾಲಾ ಪ್ರಾಚೀನಂ” ಎಂದು ಜೀಪು ಹತ್ತಿದರು.

ಸಂಜೆ ಗಾದಿಲಿಂಗಪ್ಪ ಎಮ್ಮೆ ಹಿಡಿದು ಗುಡಿಗೆ ಬಂದರೆ, ಹೊಸ್ತಿಲಲ್ಲಿ ಅರ್ಧ ಊರೇ ತೆಂಗಿನಕಾಯಿ ಹಿಡಿದು ನಿಂತಿತ್ತು. ಎಲ್ಲರಿಗಿಂತ ಮುಂದೆ ಎರ್ರೆಪ್ಪ.

“ಮದ್ರಾಸಿನ ಸಾಹೇಬನ ಕೈಯೇ ಮುಗಿಸಿದ ದೇವ್ರು. ಎಮ್ಮಿ ಹೊಡ್ಕೊಂಡು ಬರ್ತೀಯಲ್ಲಲೇ, ನಾಚಿಕಿ ಬ್ಯಾಡೇನು?”

“ಲೇ, ಅದು ನಮ್ಮ ಮನಿ ರುಬ್ಬುಗುಂಡು.”

ಓಣಿಗೆ ಹಿರಿಯಳಾದ ವೀರಭದ್ರಮ್ಮ ಅವನ ಕೆನ್ನೆ ಸವರಿದಳು. “ನೋಡಪ್ಪಾ, ಎಲ್ಲಾ ಬಿಟ್ಟು ನಿಮ್ಮ ಮನ್ಯಾಗ ಹುಟ್ಟಿ ಬಂದಾನ. ಎಷ್ಟು ಪುಣ್ಯ ಮಾಡಿದ್ದಿ. ನಾಳಿಂದ ಪೂಜಿ ನಿಂದ.”

ಊರೆಲ್ಲ ಹೌದೆಂದಿತು. ಸರ್ಕಾರವಾಗಿದ್ದರೆ ಅರ್ಜಿ ಬರೆಯಬಹುದಿತ್ತು. ವೀರಭದ್ರಮ್ಮನ ಮೇಲೆ ಯಾರಿಗೆ ಬರೆಯುವುದು?

ಹಾಲು ಬತ್ತಬಾರದೆಂದು ಎಮ್ಮೆಯನ್ನು ಮನೆಯೊಳಗೆ ಕಟ್ಟಿ, ತಂಪಿಗೆಂದು ಮಣ್ಣಿನ ಮಾಳಿಗೆಯ ಮೇಲೆ ಒದ್ದೆ ಗೋಣಿಚೀಲ ಹಾಸಬೇಕಾಯಿತು. ಅದು ಮಲಗಿತೆಂದರೆ ಒಲೆಗೂ ಜಾಗವಿಲ್ಲ. ಗಂಡಹೆಂಡಿರು ಚಾಪೆ ಸುತ್ತಿಕೊಂಡು ಗುಡಿಯ ಕಂಬಗಳ ನಡುವೆ ಬಿಡಾರ ಹೂಡಿದರು. ಪರವೂರ ಭಕ್ತರು ಪೂಜಾರಿಯ ಮನೆ ಹುಡುಕಿಕೊಂಡು ಹೋಗಿ ಬಾಗಿಲು ತಟ್ಟಿದರೆ, ಒಳಗಿಂದ ಎಮ್ಮೆ ಓಗೊಡುತ್ತಿತ್ತು.