ಹಿತ್ತಾಳೆ ಪಟ್ಟಿಯ ಅಡಿಯಲ್ಲಿ

ಗೀಟಮ್ಮನ ಮುತ್ತಜ್ಜ ಬಾವಿ ತೋಡುವವನು. ಹದಿನೇಳು ಬಾವಿ ತೋಡಿದ. ಅಂಗಾಲಿಗೆ ತಂಪು ಹತ್ತುವ ತನಕ ನೀರು ಸಿಕ್ಕಿತೆಂದು ಬಾಯಿ ಬಿಟ್ಟವನಲ್ಲ. ಅಜ್ಜ ತಕ್ಕಡಿ ರಿಪೇರಿ ಮಾಡುತ್ತಿದ್ದ. ಸುಳ್ಳು ತೂಕಕ್ಕೆ ಒಪ್ಪದೆ ಸ್ವಂತ ಭಾವನ ಅಂಗಡಿಯ ಮೆಟ್ಟಿಲು ಹತ್ತುವುದನ್ನೇ ಬಿಟ್ಟ. ಅಪ್ಪ ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುವವನು. ಇಂಗ್ಲಿಷಿನ ಒಂದು ಮಾತಿನ ಅರ್ಥವೂ ತಿಳಿಯದೆ, ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗಾಗಿ, ಸಾವಿರಾರು ಇಂಗ್ಲಿಷ್ ಪುಟ ಜೋಡಿಸಿದ. ಸಾಯುವ ಮುಂಚೆ, ಸಾಲುಗಳ ನಡುವೆ ಇಡುವ ಹಿತ್ತಾಳೆ ಪಟ್ಟಿಯೊಂದನ್ನು ಮಗಳ ಕೈಗಿಟ್ಟ. "ನಾನು ಬರೀ ಜೋಡಿಸ್ದೆ. ಒಳಗೇನಿದೆ ಅಂತ ನೀನು ನೋಡು ಮಗಳೇ" ಅಂದ.

ಮಗಳು ನೋಡಿದಳು. ಶಾಲೆ ಏಳನೆಯ ತರಗತಿಗೇ ನಿಂತಿತ್ತು. ಅಚ್ಚುಕೂಟದ ರದ್ದಿ ಕಾಗದ, ಬೆನ್ನು ಕಿತ್ತ ಒಂದು ನಿಘಂಟು, ಇವೇ ಗುರುಗಳು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಓದಿ, ಅಂಚೆಯ ಮೂಲಕ ಪಾಠ ಹೇಳುವ ಸಂಸ್ಥೆಯೊಂದರಲ್ಲಿ ಇಂಗ್ಲಿಷ್ ಉತ್ತರಗಳನ್ನು ತಿದ್ದುವ ಕೆಲಸ ಹಿಡಿದಳು. ಮೂವತ್ತು ವರ್ಷವಾಯಿತು. ತಪ್ಪಿಗೆ ಎಳೆಯುವ ಕೆಂಪು ಗೀಟಿನಿಂದಲೇ ಗೀಟಮ್ಮ ಎಂಬ ಹೆಸರು ಅಂಟಿಕೊಂಡಿತು.

ಇಂಗ್ಲಿಷ್ ಕಲಿಯುವವರು ಬಹಳ ಮಂದಿ ಎಡವುವುದು ಒಂದೇ ಹೊಸ್ತಿಲಿಗೆ. ನಿನ್ನೆ ಬಂದ ಮನುಷ್ಯ, ಕೆಂಪು ಅಂಗಿ ತೊಟ್ಟ ಮನುಷ್ಯ ಎಂದು ಅವನನ್ನು ಉದ್ದಕ್ಕೂ ಬಣ್ಣಿಸಿ, ಅವನು ಮಾಡಿದ್ದೇನು ಎಂಬುದನ್ನೇ ಮರೆತು ಚುಕ್ಕೆ ಇಟ್ಟುಬಿಡುತ್ತಾರೆ. ಇದನ್ನು ಹಿಡಿಯಲು ಗೀಟಮ್ಮನದೇ ಒಂದು ದಾರಿ. ಇಂಥ ಇಂಗ್ಲಿಷ್ ವಾಕ್ಯದಲ್ಲಿ ಮನುಷ್ಯ ಮೊದಲು, ಬಣ್ಣನೆ ನಡುವೆ, ಕ್ರಿಯಾಪದ ಕೊನೆಗೆ. ಬಣ್ಣನೆ ಶುರುವಾಗುವ ಕಡೆಯಿಂದ ಅಪ್ಪನ ಪಟ್ಟಿಯಿಟ್ಟು ಮುಚ್ಚುವಳು. ಪಟ್ಟಿಯ ಆಚೆ ಕ್ರಿಯಾಪದ ಇಣುಕಿದರೆ ವಾಕ್ಯ ಬದುಕಿತು. ಇಲ್ಲವಾದರೆ ಗೀಟು. ಅಚ್ಚಾದ ವಾಕ್ಯ ಸರಿಯೋ ತಪ್ಪೋ ಬರೆಯಿರಿ ಎಂದು ವರ್ಷ ವರ್ಷವೂ ಅದೇ ಬಗೆಯ ಪ್ರಶ್ನೆ, ಅದೇ ದಪ್ಪ ಅಚ್ಚು. ಪಟ್ಟಿಯ ಅಳತೆಗೆ ಕೈ ಪಳಗಿ, ಕಣ್ಣು ಆಚೆಯದನ್ನಷ್ಟೇ ನೋಡುತ್ತಿತ್ತು.

ಅವಳ ಕೋಣೆಯಲ್ಲಿ ಮೊದಲು ನಾಲ್ಕು ಮೇಜು, ನಾಲ್ಕು ಜನ. ಒಬ್ಬೊಬ್ಬರಾಗಿ ಹೋದರು. ಮೇಜುಗಳು ಉಳಿದವು, ಧೂಳು ಕೂತಿತು. ಮಾತು ಎಂದರೆ ಉತ್ತರಪತ್ರಿಕೆಯ ಅಂಚಿನಲ್ಲಿ ಬರೆಯುವುದಷ್ಟೇ. "ಚೆನ್ನಾಗಿ ಬರೆದಿದ್ದೀರಿ" ಎಂದು ಬರೆಯುವಳು. ಅದಕ್ಕೆ ಮರುಮಾತು ಬಂದದ್ದಿಲ್ಲ. ಮನೆಗೆ ಹೋದರೆ ಒಂದು ತಟ್ಟೆ, ಒಂದು ಲೋಟ, ಕೆಳಗಿನ ಗಡಿಯಾರದಂಗಡಿಯ ಟಿಕಟಿಕ. ತಿಂಗಳಿಗೊಮ್ಮೆ ತಂಗಿ ಬರುವಳು. "ಊರಿನವರ ವಾಕ್ಯಕ್ಕೆಲ್ಲ ಕ್ರಿಯಾಪದ ಹುಡುಕಿಕೊಟ್ಟೆ, ನಿನಗೊಬ್ಬ ಗಂಡನ್ನ ಹುಡುಕೋಕಾಗ್ಲಿಲ್ಲ ನೋಡು" ಎಂದು ಕಾಲೆಳೆಯುವಳು. "ಸಿಕ್ಕಿದ್ದ ಕಣೆ, ಗೀಟು ಹಾಕ್ಬಿಟ್ಟೆ" ಎಂದು ಗೀಟಮ್ಮ ನಗುವಳು. ತಂಗಿ ಹೋದಮೇಲೆ ಆ ನಗುವನ್ನು ನೆನೆದು ಒಬ್ಬಳೇ ಇನ್ನೊಮ್ಮೆ ನಗುವಳು.

ಈ ಸಲ ಅಂಚೆಯಲ್ಲಿ ಒಂದು ಕಾಗದ ಬಂತು. ಆಸ್ಪತ್ರೆಯ ನರ್ಸ್ ಒಬ್ಬಳದು. "ಅಮ್ಮಾ, ಐದನೆಯ ವಾಕ್ಯ ಸರಿಯಿದೆ ಎಂದು ಬರೆದಿದ್ದೆ. ನನಗೆ ಬಂದ ನಕಲಿನಲ್ಲಿ ನೀವು ಗೀಟು ಹಾಕಿದ್ದೀರಿ. ಒಂದು ಅಂಕದಲ್ಲಿ ಫೇಲಾದೆ. ಎಲ್ಲಿ ತಪ್ಪಿದೆನೆಂದು ತಿಳಿಸಿದರೆ ಕಲಿಯುತ್ತೇನೆ."

ಮೂವತ್ತು ವರ್ಷದಲ್ಲಿ ಮೊದಲ ಮರುಮಾತು. ಗೀಟಮ್ಮ ಉಮೇದಿನಿಂದಲೇ ಪ್ರಶ್ನೆಪತ್ರಿಕೆ ತೆಗೆದಳು. ಮಹಡಿಯಲ್ಲಿ ವಾಸಿಸುವ ಹೆಂಗಸು ಹಾಡುತ್ತಾಳೆ ಎಂಬರ್ಥದ ವಾಕ್ಯ. ಪಟ್ಟಿಯಿಟ್ಟಳು. ಹೆಂಗಸು ಮಾತ್ರ ಉಳಿದಳು, ಆಚೆ ಏನೂ ಇಲ್ಲ. ಪಟ್ಟಿ ಎತ್ತಿದಳು. ಹಾಡುತ್ತಾಳೆ ಎಂಬ ಕೊನೆಯ ಪದ ಪಟ್ಟಿಯ ಅಡಿಯಲ್ಲೇ ಅಡಗಿ ಕೂತಿತ್ತು. ಕಾಗದ ಉಳಿಸಲೆಂದು ಈ ವರ್ಷ ಸಂಸ್ಥೆಯವರು ಸಣ್ಣ ಅಚ್ಚಿನಲ್ಲಿ ಮುದ್ರಿಸಿದ್ದರು. ಪಟ್ಟಿ ಅಷ್ಟೇ ಉದ್ದ, ಸಾಲು ಮಾತ್ರ ಕುಗ್ಗಿತ್ತು. ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿ ಎಣಿಸಿದರೆ, ಸರಿಯಿದೆ ಎಂದು ಬರೆದಿದ್ದ ಅರವತ್ತಮೂರು ಮಂದಿಗೂ ಅವಳು ಗೀಟು ಎಳೆದಿದ್ದಳು.

ಮುಖ್ಯಸ್ಥನ ಮುಂದೆ ಹೋಗಿ ತಾನೇ ಹೇಳಿದಳು. ಅವನು ಒಳ್ಳೆಯವನೇ.

"ಅಯ್ಯೋ, ಬಿಡಿ ಅಮ್ಮ. ಕಂಪ್ಯೂಟರಲ್ಲಿ ಎಲ್ರಿಗೂ ಒಂದೊಂದು ಅಂಕ ಸೇರಿಸ್ತೀನಿ. ಯಾರಿಗೂ ಗೊತ್ತಾಗಲ್ಲ."

"ನನಗೆ ಗೊತ್ತಾಯ್ತಲ್ಲಪ್ಪ."

"ಪ್ರತಿಯೊಬ್ಬರಿಗೂ ಬರೆದು ತಪ್ಪೊಪ್ಪಿಕೊಂಡ್ರೆ ಮೇಲಿನವರು ನಿಮ್ಮ ಮೇಜನ್ನೇ ಎತ್ತಿಸ್ತಾರೆ. ಯೋಚ್ನೆ ಮಾಡಿ."

"ಎತ್ತಿಸ್ಲಿ. ಗೀಟು ಹಾಗೇ ಉಳಿದ್ರೆ ಆ ಮೇಜಿನ ಮುಂದೆ ಕೂತು ನಾನೇನು ಮಾಡ್ಲಿ?"

ಸಂಸ್ಥೆಯಲ್ಲೇ ಉಳಿದಿದ್ದ ಮೂಲ ಪತ್ರಿಕೆಗಳ ಕಟ್ಟನ್ನು ಮನೆಗೆ ಹೊತ್ತು ತಂದಳು. ಒಂದೊಂದರಲ್ಲೂ ಕೆಂಪು ಗೀಟಿನ ಪಕ್ಕ "ತಪ್ಪು ನನ್ನದು, ನೀವು ಬರೆದದ್ದೇ ಸರಿ" ಎಂದು ಬರೆದು ಸಹಿ ಮಾಡಿ ಅಂಚೆಗೆ ಸಿದ್ಧಮಾಡತೊಡಗಿದಳು. ಮೊದಲನೆಯದು ನರ್ಸಿಗೆ.

ಭಾನುವಾರ ಮಧ್ಯಾಹ್ನ ತಂಗಿ ಬಂದಾಗ ಹಾಸಿಗೆಯ ಮೇಲೂ ನೆಲದ ಮೇಲೂ ಕಾಗದ. ಗೀಟಮ್ಮನ ಬೆರಳು ಸೆಟೆದು, ಪೆನ್ನು ಜಾರುತ್ತಿತ್ತು. ತಂಗಿ ಚಪ್ಪಲಿ ಬಿಟ್ಟು, ಸೆರಗು ಸಿಕ್ಕಿಸಿ ಕೂತೇಬಿಟ್ಟಳು.

"ಇತ್ಲಾಗೆ ಕೊಡಕ್ಕ. ನನ್ನ ಅಕ್ಷರ ನಿನ್ನ ಹಂಗೇ ಇದೆ. ಅರ್ಧ ನಾನು ಬರೀತೀನಿ, ರಾತ್ರಿ ಇಲ್ಲೇ ಉಳ್ಕೋತೀನಿ, ಇಬ್ರೂ ಮಾತಾಡ್ಕೊಂಡು ಮುಗಿಸೋಣ."

ಗೀಟಮ್ಮ ತಂಗಿ ಚಾಚಿದ ಕೈಯನ್ನು ನೋಡಿದಳು. ಆಮೇಲೆ ಕಾಗದವನ್ನು ತನ್ನ ಕಡೆಗೆ ಎಳೆದುಕೊಂಡಳು.

"ಬೇಡ ಕಣೆ. ಅಷ್ಟೂ ಜನಕ್ಕೆ ತಪ್ಪು ಅಂದಿದ್ದು ಈ ಕೈ. ಸರಿ ಅನ್ನೋದೂ ಇದೇ ಕೈ ಆಗ್ಬೇಕು. ನೀನು ಹತ್ರ ಇದ್ರೆ ನಾನು ಮಾತಿಗೆ ಕೂತ್ಬಿಡ್ತೀನಿ. ಹೊರಡು, ಬಸ್ಸು ತಪ್ಪಿಹೋಗುತ್ತೆ."